ರದ್ದಾದ ನೋಟು, ತೀರದ ಸಾಲ

ಜರ್ಮನಿಯ 100 ಮಾರ್ಕಿನ ಕೊನೆಯ ನೋಟಿನ ಮೇಲೆ ಪಿಯಾನೊ ವಾದಕಿ ಕ್ಲಾರಾ ಶೂಮನ್ ಇದ್ದಳು. ಇಟಲಿಯ 1,00,000 ಲೀರಾ ನೋಟಿನ ಮೇಲೆ ಚಿತ್ರಕಾರ ಕರವಾಜ್ಜೊ ಇದ್ದ. ಯೂರೋ ಬಂದಾಗ ಈ ಎರಡು ನೋಟುಗಳ ಬೆಲೆ ಹೆಚ್ಚುಕಡಿಮೆ ಒಂದೇ ಆಗಿತ್ತು: ಆಕೆಯದಕ್ಕೆ 51.13 ಯೂರೋ, ಆತನದಕ್ಕೆ 51.65. 2002ರ ಆರಂಭದ ತಿಂಗಳುಗಳಲ್ಲಿ ಎರಡೂ ಅಂಗಡಿಗಳ ಗಲ್ಲಾಪೆಟ್ಟಿಗೆಯಿಂದ ಮರೆಯಾದವು. ಈಗಲೂ ಜರ್ಮನಿಯ ಕೇಂದ್ರ ಬ್ಯಾಂಕ್ ಬುಂಡೆಸ್‌ಬ್ಯಾಂಕಿನ ಶಾಖೆಗೆ ಹೋಗಿ ಕ್ಲಾರಾಳನ್ನು ಕೊಟ್ಟರೆ 51 ಯೂರೋ 13 ಸೆಂಟ್ ಎಣಿಸಿ ಕೊಡುತ್ತಾರೆ. ಶುಲ್ಕವಿಲ್ಲ, ಗಡುವೂ ಇಲ್ಲ. ರೋಮ್‌ನಲ್ಲಿ ಕರವಾಜ್ಜೊನನ್ನು ಹಿಡಿದು ನಿಂತರೆ ಒಂದು ಸೆಂಟೂ ಹುಟ್ಟುವುದಿಲ್ಲ.

ನಮ್ಮ ಮನೆಗಳ ಬೀರುಗಳಲ್ಲಿ ಇಂಥ ನೋಟುಗಳಿಗೆ ಬರವಿಲ್ಲ. ಮಗಳ ಬಾಣಂತನಕ್ಕೆಂದು ಲಂಡನ್ನಿಗೆ ಹೋಗಿಬಂದ ತಾಯಿಯ ಪರ್ಸಿನಲ್ಲಿ ಉಳಿದ ಇಪ್ಪತ್ತು ಪೌಂಡ್, ಕಂಪನಿ ಕೆಲಸಕ್ಕೆ ಸ್ಟುಟ್‌ಗಾರ್ಟಿಗೆ ಹೋಗಿದ್ದ ಎಂಜಿನಿಯರ್ ತಂದ ಮಾರ್ಕ್, ಕುವೈತ್‌ನಲ್ಲಿ ದುಡಿದು ಬಂದವರ ಟ್ರಂಕಿನಲ್ಲಿ ಹಳೆಯ ದಿನಾರ್. ಎಂದೋ ಒಂದು ದಿನ ಅದನ್ನು ಮನಿ ಚೇಂಜರ್ ಬಳಿ ಒಯ್ಯುತ್ತಾರೆ. ಕೌಂಟರಿನ ಹುಡುಗ ತಿರುಗಿಸಿ ನೋಡಿ, ‘ಇದು ನಡೆಯಲ್ಲ ಸಾರ್, ಹಳೇದು’ ಎಂದು ಹಿಂದಿರುಗಿಸುತ್ತಾನೆ. ಅಲ್ಲಿಗೆ ಮನೆಯವರು ಆ ನೋಟಿನ ಆಸೆ ಬಿಡುತ್ತಾರೆ, ಅದು ಮಕ್ಕಳ ಆಲ್ಬಮ್ ಸೇರುತ್ತದೆ. ಬಹಳಷ್ಟು ಸಲ ಆ ಹುಡುಗನ ಮಾತು ಅವನ ಅಂಗಡಿಯ ಮಟ್ಟಿಗೆ ಮಾತ್ರ ನಿಜ.

ಮನಿ ಚೇಂಜರ್ ವ್ಯಾಪಾರಸ್ಥ. ಇವತ್ತು ಕೊಂಡ ಪೌಂಡನ್ನು ನಾಳೆ ಲಂಡನ್ ವಿಮಾನ ಹತ್ತುವವರಿಗೆ ಮಾರಬೇಕು, ಅಲ್ಲಿ ಅವರು ಅದನ್ನು ಟ್ಯಾಕ್ಸಿಯವನಿಗೆ ಕೊಡುವಂತಿರಬೇಕು. ಕೊಳ್ಳುವವರಿಲ್ಲದ ಸರಕನ್ನು ಅವನು ಮುಟ್ಟುವುದಿಲ್ಲ. ನಾಣ್ಯಗಳನ್ನು ತೆಗೆದುಕೊಳ್ಳದಿರುವುದೂ ಇದೇ ಕಾರಣಕ್ಕೆ. ಆದರೆ ನೋಟಿನ ಹುಟ್ಟು ಅಂಗಡಿಯಲ್ಲಿ ಆದದ್ದಲ್ಲ. ಅದು ಒಂದು ಕೇಂದ್ರ ಬ್ಯಾಂಕ್ ಬರೆದುಕೊಟ್ಟ ಸಾಲಪತ್ರ. ಚಲಾವಣೆಯಲ್ಲಿರುವ ಪ್ರತಿಯೊಂದು ನೋಟೂ ಆ ಬ್ಯಾಂಕಿನ ಲೆಕ್ಕಪುಸ್ತಕದಲ್ಲಿ ಹೊಣೆಯ ಕಡೆ ಕೂತಿರುತ್ತದೆ. ನೋಟಿನ ವಿನ್ಯಾಸ ಬದಲಾಯಿತು, ಹಳೆಯದನ್ನು ಅಂಗಡಿಯಲ್ಲಿ ತೆಗೆದುಕೊಳ್ಳಬೇಕಿಲ್ಲ ಎಂದು ಸರ್ಕಾರ ಹೇಳಿದರೆ ಆ ಹೊಣೆ ತಾನಾಗಿ ಅಳಿಯುವುದಿಲ್ಲ. ಅದನ್ನು ಅಳಿಸಲು ಬೇರೆಯದೇ ತೀರ್ಮಾನ ಬೇಕು, ಹೆಚ್ಚಿನ ಕಡೆ ಬೇರೆಯದೇ ಕಾನೂನು ಬೇಕು. ಕೆಲವು ದೇಶಗಳು ಆ ತೀರ್ಮಾನ ಮಾಡಿವೆ, ಕೆಲವು ಮಾಡಿಲ್ಲ. ಬೀರುವಿನ ನೋಟಿನ ಬೆಲೆ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ಸಾಲದ ಮಾತು ಉಳಿಸಿಕೊಂಡವರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಎದ್ದು ಕಾಣುತ್ತದೆ. ಅದು ಹೊರಡಿಸಿದ ಅಸಲಿ ನೋಟು ಎಷ್ಟೇ ಹಳೆಯದಾಗಿರಲಿ, ಅದರ ಮುಖಬೆಲೆಯನ್ನು ಎಂದೆಂದಿಗೂ ಕೊಡುತ್ತದೆ. ಕಾಗದದ ನೋಟು ಬಿಟ್ಟು ಪಾಲಿಮರಿಗೆ ಹೋಗುವಾಗ ಬ್ರಿಟನ್ ಒಂದೊಂದೇ ನೋಟನ್ನು ಹಿಂಪಡೆಯಿತು: 2017ರ ಮೇ ತಿಂಗಳಲ್ಲಿ 5 ಪೌಂಡ್, 2018ರ ಮಾರ್ಚ್ 1ರಂದು ಡಾರ್ವಿನ್ ಚಿತ್ರದ 10 ಪೌಂಡ್, 2022ರ ಸೆಪ್ಟೆಂಬರ್ 30ರ ನಂತರ ಆಡಂ ಸ್ಮಿತ್‌ನ 20 ಪೌಂಡ್ ಮತ್ತು ಬೌಲ್ಟನ್-ವ್ಯಾಟ್ ಜೋಡಿಯ 50 ಪೌಂಡ್. ನಮ್ಮವರ ಪರ್ಸುಗಳಲ್ಲಿ ಹೆಚ್ಚಾಗಿ ಸಿಕ್ಕಿಬಿದ್ದಿರುವುದು ಈ ಕೊನೆಯ ಎರಡು. ಕೋವಿಡ್‌ಗೆ ಮೊದಲು ಹೋಗಿಬಂದವರು ಮತ್ತೆ ಹೊರಡುವಷ್ಟರಲ್ಲಿ ನೋಟು ಹಳತಾಗಿತ್ತು. ಲಂಡನ್ನಿನ ಥ್ರೆಡ್‌ನೀಡಲ್ ಬೀದಿಯಲ್ಲಿರುವ ಬ್ಯಾಂಕಿನ ಕೌಂಟರಿನಲ್ಲಿ ಅವನ್ನು ಬದಲಾಯಿಸಿಕೊಳ್ಳಬಹುದು, ಗುರುತಿನ ಮತ್ತು ವಿಳಾಸದ ದಾಖಲೆ ಜೊತೆಗಿರಬೇಕು. ಅಲ್ಲಿ ನೆಲೆಸಿದ ಮಕ್ಕಳಿದ್ದರೆ ಇನ್ನೂ ಸುಲಭ. ಬ್ರಿಟನ್ನಿನ ಕೆಲವು ಅಂಚೆ ಕಚೇರಿಗಳಲ್ಲೂ ಒಬ್ಬರು ಎರಡು ವರ್ಷದ ಅವಧಿಯಲ್ಲಿ 300 ಪೌಂಡ್‌ವರೆಗೆ ಬದಲಾಯಿಸಬಹುದು.

ಒಂದು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ ಪೌಂಡ್ ನೋಟುಗಳನ್ನು ಹೊರಡಿಸುವುದು ಅಲ್ಲಿನ ವಾಣಿಜ್ಯ ಬ್ಯಾಂಕುಗಳು. ಎಡಿನ್‌ಬರೋದಲ್ಲಿ ಓದಿದವರು ತಂದ ನೋಟಿನ ಮೇಲೆ ರಾಣಿಯ ಮುಖವಿಲ್ಲದೆ ಬೇರೊಂದು ಬ್ಯಾಂಕಿನ ಹೆಸರಿದ್ದರೆ ಥ್ರೆಡ್‌ನೀಡಲ್ ಬೀದಿಗೆ ಹೋಗಿ ಪ್ರಯೋಜನವಿಲ್ಲ. ಅದನ್ನು ಹೊರಡಿಸಿದ ಬ್ಯಾಂಕನ್ನೇ ಹುಡುಕಬೇಕು.

ಈ ಧಾರಾಳತನಕ್ಕೆ ಬ್ರಿಟನ್ ಒಮ್ಮೆ ದೊಡ್ಡ ಬೆಲೆ ತೆರುವ ಭಯದಲ್ಲಿತ್ತು. ಎರಡನೇ ಮಹಾಯುದ್ಧದಲ್ಲಿ ನಾಜಿಗಳು ಸಾಕ್ಸೆನ್‌ಹೌಸನ್ ಸೆರೆಶಿಬಿರದ ಯಹೂದಿ ಕೈದಿಗಳಿಂದ ಬ್ರಿಟಿಷ್ ನೋಟುಗಳ ಖೋಟಾ ಪ್ರತಿಗಳನ್ನು ಮಾಡಿಸಿದರು. ಎಷ್ಟು ನಾಜೂಕಾದ ಖೋಟಾ ಎಂದರೆ, ಬ್ಯಾಂಕ್ ಆಫ್ ಇಂಗ್ಲೆಂಡ್ 1943ರಲ್ಲಿ 10 ಪೌಂಡ್ ಮತ್ತು ಅದಕ್ಕಿಂತ ದೊಡ್ಡ ನೋಟುಗಳನ್ನು ಹೊರಡಿಸುವುದನ್ನೇ ನಿಲ್ಲಿಸಿತು. 10 ಪೌಂಡಿನ ನೋಟು ಮತ್ತೆ ಬಂದದ್ದು 1964ರಲ್ಲಿ. ಒಂದೇ ಬದಿಗೆ ಕಪ್ಪು ಶಾಯಿಯಲ್ಲಿ ಅಚ್ಚಾಗುತ್ತಿದ್ದ ಬಿಳಿಯ 5 ಪೌಂಡ್ ನೋಟು 1961ರವರೆಗೆ ನಡೆಯಿತು. ಅದರ ಅಸಲಿ ಪ್ರತಿಗೆ ಬ್ಯಾಂಕ್ ಈಗಲೂ 5 ಪೌಂಡ್ ಕೊಡುತ್ತದೆ. ಹಾಗೆ ಕೊಟ್ಟು ಬರುವವರು ದಡ್ಡರು, ಏಕೆಂದರೆ ಸಂಗ್ರಾಹಕರು ಅದರ ಹಲವು ಪಟ್ಟು ಕೊಡುತ್ತಾರೆ.

ಸ್ವಿಟ್ಜರ್ಲೆಂಡಿನ ಕಥೆ ಇನ್ನೂ ಸ್ವಾರಸ್ಯದ್ದು. ಅಲ್ಲಿ ಹಿಂಪಡೆದ ನೋಟಿಗೆ ಇಪ್ಪತ್ತು ವರ್ಷ ಆಯಸ್ಸು ಎಂಬ ಕಾನೂನಿತ್ತು. ಆಮೇಲೆ ಅದು ಬರೀ ಕಾಗದ, ಉಳಿದ ಹಣ ಪ್ರಕೃತಿ ವಿಕೋಪದಲ್ಲಿ ನೊಂದವರ ನಿಧಿಗೆ. 1976ರಿಂದ ಬಂದ ಆರನೇ ಸರಣಿಯ ನೋಟುಗಳನ್ನು 2000ದಲ್ಲಿ ಹಿಂಪಡೆದರು. 1000 ಫ್ರಾಂಕಿನ ನೋಟಿನ ಒಂದು ಬದಿಗೆ ವಿಜ್ಞಾನಿ ಆಗಸ್ಟ್ ಫೊರೆಲ್, ಇನ್ನೊಂದು ಬದಿಗೆ ಅವನು ಜೀವನವಿಡೀ ಅಧ್ಯಯನ ಮಾಡಿದ ಇರುವೆಗಳು. ಲೆಕ್ಕದ ಪ್ರಕಾರ 2020ರ ಏಪ್ರಿಲ್ ಕೊನೆಗೆ ಈ ನೋಟುಗಳ ಕಥೆ ಮುಗಿಯಬೇಕಿತ್ತು. ಗಡುವಿಗೆ ನಾಲ್ಕೇ ತಿಂಗಳು ಉಳಿದಿದ್ದಾಗ, 2020ರ ಜನವರಿ 1ರಿಂದ, ಕಾನೂನು ತಿದ್ದುಪಡಿ ಜಾರಿಗೆ ಬಂತು: 1976 ಮತ್ತು ನಂತರದ ಸರಣಿಗಳಿಗೆ ಗಡುವೇ ಇಲ್ಲ. 2021ರಲ್ಲಿ ಹಿಂಪಡೆದ ಎಂಟನೇ ಸರಣಿಗೂ ಇದೇ ನಿಯಮ. ಬರ್ನ್ ಮತ್ತು ಜ್ಯೂರಿಕ್‌ನಲ್ಲಿರುವ ಸ್ವಿಸ್ ನ್ಯಾಷನಲ್ ಬ್ಯಾಂಕಿನ ಕೌಂಟರಿನಲ್ಲಿ ಪೂರ್ತಿ ಮುಖಬೆಲೆ ಸಿಗುತ್ತದೆ. 1000 ಫ್ರಾಂಕ್ ಎಂದರೆ ಸಣ್ಣ ಮೊತ್ತವಲ್ಲ. ಆ ನೋಟು ಕೈಗೆ ಸಿಕ್ಕವರು ಇರುವೆಗಳಿಗೊಂದು ನಮಸ್ಕಾರ ಹೇಳಬಹುದು.

ಇಟಲಿಯಲ್ಲಿ ನಡೆದದ್ದು ಇದಕ್ಕೆ ತದ್ವಿರುದ್ಧ. ಲೀರಾ ಬದಲಾಯಿಸಿಕೊಳ್ಳಲು ಹತ್ತು ವರ್ಷ, ಅಂದರೆ 2012ರ ಫೆಬ್ರವರಿ ಕೊನೆಯವರೆಗೆ ಅವಕಾಶ ಎಂದು ಮಾತು ಕೊಟ್ಟಿದ್ದರು. 2011ರ ಕೊನೆಗೆ ದೇಶ ಸಾಲದ ಸುಳಿಯಲ್ಲಿ ಸಿಕ್ಕಿತು. ಆಗ ಅಧಿಕಾರಕ್ಕೆ ಬಂದ ಮಾರಿಯೊ ಮೊಂತಿ ಸರ್ಕಾರ ಡಿಸೆಂಬರ್ 6ರಂದು ಸುಗ್ರೀವಾಜ್ಞೆ ಹೊರಡಿಸಿ, ಆ ಕ್ಷಣದಿಂದಲೇ ಲೀರಾ ವಿನಿಮಯವನ್ನು ಮುಚ್ಚಿತು. ವಾಪಸ್ ಬರದ ಲೀರಾಗಳ ಮೊತ್ತ ನೂರು ಕೋಟಿ ಯೂರೋಗೂ ಹೆಚ್ಚು. ಅದು ದೇಶದ ಸಾಲ ತೀರಿಸುವ ನಿಧಿಗೆ ಹೋಯಿತು. ಕೊನೆಯ ಮೂರು ತಿಂಗಳಲ್ಲಿ ಬದಲಾಯಿಸಿದರಾಯಿತು ಎಂದು ಹಾಸಿಗೆಯಡಿ ಲೀರಾ ಇಟ್ಟುಕೊಂಡಿದ್ದ ಮುದುಕ ಮುದುಕಿಯರ ಹಣ ಕ್ಷಣದಲ್ಲಿ ಸರ್ಕಾರದ್ದಾಯಿತು. 2015ರಲ್ಲಿ ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಈ ಕ್ರಮ ಸಂವಿಧಾನಬಾಹಿರ ಎಂದಿತು. ಆದರೆ ಅದರ ಲಾಭ ಸಿಕ್ಕಿದ್ದು, ಆ ಮೂರು ತಿಂಗಳಲ್ಲಿ ಬ್ಯಾಂಕಿಗೆ ಹೋಗಿ ಬದಲಾಯಿಸಿಕೊಡಿ ಎಂದು ಕೇಳಿದ್ದಕ್ಕೆ ದಾಖಲೆ ಇದ್ದವರಿಗೆ ಮಾತ್ರ. ನಾಗರಿಕರಿಗೆ ಬರೆದುಕೊಟ್ಟ ಗಡುವನ್ನು ನಡುದಾರಿಯಲ್ಲಿ ಮೊಟಕುಗೊಳಿಸಿದ್ದು ವಂಚನೆ ಎಂದೇ ನನ್ನ ಅನಿಸಿಕೆ, ಖಜಾನೆಯ ಕಷ್ಟ ಏನೇ ಇರಲಿ.

ಯೂರೋ ಒಪ್ಪಿಕೊಂಡ ಉಳಿದ ದೇಶಗಳನ್ನು ಬೇಗ ಹೇಳಿ ಮುಗಿಸಬಹುದು. ಜರ್ಮನಿಯಂತೆಯೇ ಆಸ್ಟ್ರಿಯಾ, ಬೆಲ್ಜಿಯಂ, ಐರ್ಲೆಂಡ್, ಲಕ್ಸೆಂಬರ್ಗ್ ತಮ್ಮ ಕೊನೆಯ ಸರಣಿಯ ನೋಟುಗಳಿಗೆ ಗಡುವು ಹಾಕಿಲ್ಲ. ಫ್ರಾನ್ಸ್, ಗ್ರೀಸ್, ಫಿನ್ಲೆಂಡ್ 2012ರಲ್ಲೇ ಬಾಗಿಲು ಹಾಕಿದವು. ಸ್ಪೇನಿನ ಪೆಸೆಟಾಗೆ 2021ರ ಜೂನ್ 30 ಕೊನೆಯಾಯಿತು, ಪೋರ್ಚುಗಲ್ಲಿನ ಎಸ್ಕುಡೊ ನೋಟಿಗೆ 2022ರ ಫೆಬ್ರವರಿ. 2023ರಲ್ಲಿ ಯೂರೋಗೆ ಬಂದ ಕ್ರೊಯೇಷಿಯಾ ಕೂನಾ ನೋಟುಗಳಿಗೆ ಗಡುವಿಟ್ಟಿಲ್ಲ. ಜರ್ಮನಿಯ ವಿಚಾರದಲ್ಲಿ ಒಂದು ತೊಡಕು ಮಾತ್ರ ನೆನಪಿರಲಿ: ಬುಂಡೆಸ್‌ಬ್ಯಾಂಕ್ ಬದಲಾಯಿಸುವುದು ಪಶ್ಚಿಮ ಜರ್ಮನಿಯ ಮಾರ್ಕನ್ನು. ಪೂರ್ವ ಜರ್ಮನಿಯ ಮಾರ್ಕ್ 1990ರಲ್ಲೇ ಸತ್ತಿತು. ಆ ನೋಟುಗಳನ್ನು ಹಾಲ್ಬರ್‌ಸ್ಟಾಟ್ ಬಳಿಯ ಸುರಂಗದಲ್ಲಿ ತುಂಬಿಸಿ ಮುಚ್ಚಿದ್ದರು. ಕಳ್ಳರು ಅಲ್ಲಿಗೂ ನುಗ್ಗಿದರು, ಎಂದೂ ಬಳಕೆಗೇ ಬಾರದಿದ್ದ 200 ಮತ್ತು 500 ಮಾರ್ಕಿನ ನೋಟುಗಳು ಸಂಗ್ರಾಹಕರ ಸಂತೆಯಲ್ಲಿ ಕಾಣಿಸಿಕೊಂಡವು. 2002ರಲ್ಲಿ ಉಳಿದ ರಾಶಿಯನ್ನೆಲ್ಲ ಹೊರತೆಗೆದು ಸುಟ್ಟರು. ಪಶ್ಚಿಮದ ಮಾರ್ಕ್ ಮಾತ್ರ 1,200 ಕೋಟಿಗೂ ಹೆಚ್ಚು ಮೊತ್ತದಷ್ಟು ಇನ್ನೂ ಬ್ಯಾಂಕಿಗೆ ಮರಳಿಲ್ಲ.

ಡಾಲರ್ ಇಟ್ಟುಕೊಂಡವರ ತಲೆನೋವು ಬೇರೆ ಬಗೆಯದು. ಅಮೆರಿಕ 1861ರಿಂದ ಹೊರಡಿಸಿದ ನೋಟುಗಳೆಲ್ಲ ಈಗಲೂ ಮುಖಬೆಲೆಗೆ ಸಲ್ಲುತ್ತವೆ. 1969ರಲ್ಲಿ ಕೈಬಿಟ್ಟ 500, 1,000, 5,000, 10,000 ಡಾಲರುಗಳ ನೋಟುಗಳೂ ಸೇರಿ. ಆದರೂ 1996ಕ್ಕೆ ಮೊದಲಿನ, ಚಿಕ್ಕ ತಲೆಯ ಬೆಂಜಮಿನ್ ಫ್ರಾಂಕ್ಲಿನ್ ಇರುವ 100 ಡಾಲರಿನ ನೋಟನ್ನು ಏಷ್ಯಾದ ಎಷ್ಟೋ ಮನಿ ಚೇಂಜರ್‌ಗಳು ಮುಟ್ಟುವುದಿಲ್ಲ, ಇಲ್ಲವೇ ಬೆಲೆ ಕಡಿಮೆ ಮಾಡುತ್ತಾರೆ. ಖೋಟಾನೋಟಿನ ಭಯ ಅವರದು. ಅಂಥ ನೋಟನ್ನು ನಷ್ಟಕ್ಕೆ ಮಾರುವ ಬದಲು ಅಮೆರಿಕಕ್ಕೆ ಹೋಗುವವರ ಕೈಯಲ್ಲಿ ಕಳಿಸಿ. ಅಲ್ಲಿನ ಬ್ಯಾಂಕಿನಲ್ಲಿ ಅದು ಬರೀ ನೂರು ಡಾಲರ್, ಹಳೆಯದೂ ಅಲ್ಲ ಹೊಸದೂ ಅಲ್ಲ. ಸಿಂಗಪುರವೂ ಇದೇ ದಾರಿಯಲ್ಲಿದೆ. 2014ರಲ್ಲಿ 10,000 ಡಾಲರಿನ ನೋಟನ್ನೂ 2021ರಲ್ಲಿ 1,000 ಡಾಲರಿನ ನೋಟನ್ನೂ ಹೊಸದಾಗಿ ಹೊರಡಿಸುವುದನ್ನು ನಿಲ್ಲಿಸಿದೆ, ಆದರೆ ಇದ್ದವು ನಡೆಯುತ್ತವೆ. ಪಕ್ಕದ ಮಲೇಷ್ಯಾ ಹಾಗಲ್ಲ. 1998ರ ಆರ್ಥಿಕ ಬಿಕ್ಕಟ್ಟಿನಲ್ಲಿ ಹಣ ಹೊರಹೋಗುವುದನ್ನು ತಡೆಯಲು ಹೊರಟ ಸರ್ಕಾರ, 500 ಮತ್ತು 1,000 ರಿಂಗಿಟ್ ನೋಟುಗಳನ್ನು 1999ರ ಜುಲೈ 1ರಿಂದ ಅಮಾನ್ಯ ಮಾಡಿತು.

ಮಂಗಳೂರು, ಉಡುಪಿ, ಭಟ್ಕಳದ ಮನೆಗಳಿಗೆ ಹತ್ತಿರದ ಕಥೆ ಕುವೈತಿನದು. 1990ರ ಆಗಸ್ಟ್ 2ರಂದು ಇರಾಕ್ ಸೇನೆ ಕುವೈತಿಗೆ ನುಗ್ಗಿತು. ಕೇಂದ್ರ ಬ್ಯಾಂಕನ್ನು ಲೂಟಿ ಮಾಡಿತು, ದಿನಾರನ್ನು ರದ್ದು ಮಾಡಿ ಇರಾಕಿ ದಿನಾರನ್ನು ಹೇರಿತು. ಅಲ್ಲಿದ್ದ ಭಾರತೀಯರು ಲಕ್ಷಕ್ಕೂ ಹೆಚ್ಚು. ಬಸ್ಸು ಲಾರಿ ಹಿಡಿದು ಜೋರ್ಡಾನಿನ ಅಮ್ಮಾನ್ ತಲುಪಿ, ಅಲ್ಲಿಂದ ಏರ್ ಇಂಡಿಯಾ ವಿಮಾನಗಳಲ್ಲಿ ಊರಿಗೆ ಬಂದರು. ಎಷ್ಟೋ ಜನರ ಜೇಬಿನಲ್ಲಿದ್ದದ್ದು ವರ್ಷಗಳ ಉಳಿತಾಯದ ದಿನಾರ್ ನೋಟು. ಯುದ್ಧ ಮುಗಿದ ಕೂಡಲೇ, 1991ರ ಮಾರ್ಚ್‌ನಲ್ಲಿ ಕುವೈತ್ ಹೊಸ ನೋಟುಗಳನ್ನು ತಂದು ಹಳೆಯದನ್ನು ಅಮಾನ್ಯ ಮಾಡಿತು, ಲೂಟಿಯಾದ ನೋಟುಗಳು ಕಳ್ಳರಿಗೆ ದಕ್ಕಬಾರದೆಂದು. ಉದ್ದೇಶ ಸರಿಯಾಗಿಯೇ ಇತ್ತು, ಆದರೆ ಬೆವರು ಸುರಿಸಿ ಗಳಿಸಿದ ನೋಟಿಗೂ ಕದ್ದ ನೋಟಿಗೂ ಕಾಗದ ಒಂದೇ. ಅವಸರದಲ್ಲಿ ತಂದ ಆ ನಾಲ್ಕನೇ ಸರಣಿಯೂ 1995ರಲ್ಲಿ ಕೊನೆಗೊಂಡಿತು. ನಂತರ ಬಂದ ಐದನೇ ಸರಣಿಯನ್ನು ಬದಲಾಯಿಸಿಕೊಳ್ಳಲು 2025ರ ಏಪ್ರಿಲ್ 18 ಕೊನೆಯ ದಿನವಾಗಿತ್ತು. ಈಗ ಅಲ್ಲಿ ನಡೆಯುವುದು 2014ರಲ್ಲಿ ಬಂದ ಆರನೇ ಸರಣಿ ಮಾತ್ರ.

ಇದೇ ಕೊಲ್ಲಿಯಲ್ಲಿ ನಮ್ಮ ರೂಪಾಯಿಯೇ ಒಂದು ಕಾಲಕ್ಕೆ ಓಡಾಡುತ್ತಿತ್ತು. ಕುವೈತ್, ಬಹ್ರೇನ್, ಕತಾರ್, ದುಬೈ, ಒಮಾನ್ ಎಲ್ಲೆಡೆ ಭಾರತದ ರೂಪಾಯಿಯಲ್ಲೇ ವ್ಯಾಪಾರ. ಅದರಿಂದ ಚಿನ್ನದ ಕಳ್ಳಸಾಗಣೆಗೆ ಅನುಕೂಲವಾಗಿ, ಆ ರೂಪಾಯಿಗಳು ಮರಳಿ ಬಂದಾಗ ಭಾರತ ಸ್ಟರ್ಲಿಂಗ್ ತೆರಬೇಕಾಗುತ್ತಿತ್ತು. ಇದನ್ನು ತಡೆಯಲು ರಿಸರ್ವ್ ಬ್ಯಾಂಕ್ 1959ರಲ್ಲಿ ಕೊಲ್ಲಿಗೆಂದೇ ಬೇರೆ ಬಣ್ಣದ, ‘ಝಡ್’ ಅಕ್ಷರದಿಂದ ಆರಂಭವಾಗುವ ಸಂಖ್ಯೆಯ ನೋಟುಗಳನ್ನು ಅಚ್ಚು ಹಾಕಿಸಿತು. ಹಜ್ ಯಾತ್ರಿಕರಿಗೆ ‘ಎಚ್‌ಎ’ ಅಕ್ಷರಗಳ 10 ಮತ್ತು 100 ರೂಪಾಯಿ ನೋಟು ಪ್ರತ್ಯೇಕ. 1961ರಲ್ಲಿ ಕುವೈತ್, 1965ರಲ್ಲಿ ಬಹ್ರೇನ್ ಸ್ವಂತ ದಿನಾರ್ ತಂದವು. 1966ರ ಜೂನ್‌ನಲ್ಲಿ ಇಂದಿರಾ ಗಾಂಧಿ ಸರ್ಕಾರ ರೂಪಾಯಿಯನ್ನು ಅಪಮೌಲ್ಯಗೊಳಿಸಿ, ಡಾಲರಿಗೆ 4.76 ಇದ್ದದ್ದು 7.50 ಆದಾಗ ಕತಾರ್, ದುಬೈ ಕೂಡ ಕೈಬಿಟ್ಟವು. ಒಮಾನ್ 1970ರವರೆಗೆ ಜೊತೆಗಿತ್ತು. ಆ ನೋಟುಗಳು ಈಗ ಹರಾಜಿನ ಸರಕು. ಹಜ್‌ನ 100 ರೂಪಾಯಿಯ ಚೆನ್ನಾಗಿರುವ ನೋಟಿಗೆ ಲಂಡನ್ನಿನಲ್ಲಿ ಲಕ್ಷಗಟ್ಟಲೆ ರೂಪಾಯಿ ಕೊಡುವವರಿದ್ದಾರೆ.

ಬೇರೆಯವರ ಮಾತು ಆಡುವಾಗ ನಮ್ಮದನ್ನೂ ನೋಡಬೇಕು. 2016ರ ನವೆಂಬರ್ 8ರ ರಾತ್ರಿ ರದ್ದಾದ 500, 1000 ರೂಪಾಯಿ ನೋಟುಗಳು ಹೊರದೇಶದಲ್ಲಿದ್ದ ಕನ್ನಡಿಗರ ಪಾಲಿಗೆ ಹಳೆಯ ವಿದೇಶಿ ನೋಟುಗಳೇ ಆದವು. ಅನಿವಾಸಿಗಳಿಗೆ 2017ರ ಜೂನ್ 30ರವರೆಗೆ ಸಮಯ ಕೊಟ್ಟರು. ಆದರೆ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಘೋಷಿಸಿ, ಮುಂಬೈ, ದೆಹಲಿ, ಚೆನ್ನೈ, ಕೋಲ್ಕತ್ತ, ನಾಗಪುರ ಈ ಐದು ಊರುಗಳ ರಿಸರ್ವ್ ಬ್ಯಾಂಕ್ ಕಚೇರಿಗೇ ಹೋಗಬೇಕಿತ್ತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ನಾಲ್ಕು ಸಾವಿರ ರೂಪಾಯಿಗಾಗಿ ಯಾರು ಚೆನ್ನೈಗೆ ಹೋಗುತ್ತಾರೆ? 2017ರಲ್ಲಿ ಸಂಸತ್ತು ಕಾನೂನು ಮಾಡಿ ಆ ನೋಟುಗಳ ಮೇಲಿನ ರಿಸರ್ವ್ ಬ್ಯಾಂಕಿನ ಹೊಣೆಯನ್ನೂ ಕೇಂದ್ರ ಸರ್ಕಾರದ ಖಾತರಿಯನ್ನೂ ಕೊನೆಗೊಳಿಸಿತು. ಹತ್ತಕ್ಕಿಂತ ಹೆಚ್ಚು ನೋಟು ಇಟ್ಟುಕೊಂಡರೆ ದಂಡ. ಸಂಶೋಧಕರಿಗೆ, ನಾಣ್ಯಶಾಸ್ತ್ರದವರಿಗೆ 25ರವರೆಗೆ ವಿನಾಯಿತಿ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ನೋಟು ರದ್ದತಿಯನ್ನು ನಾಲ್ಕು-ಒಂದರ ಬಹುಮತದಲ್ಲಿ ಎತ್ತಿಹಿಡಿಯಿತು. ಭಿನ್ನಮತ ಬರೆದ ಒಬ್ಬರು ಕರ್ನಾಟಕದ ನ್ಯಾಯಮೂರ್ತಿ ಬಿ.ವಿ. ನಾಗರತ್ನ. ಅದೇ ವರ್ಷ ಮೇ 19ರಂದು 2000 ರೂಪಾಯಿ ನೋಟನ್ನು ಹಿಂಪಡೆದಾಗ ರಿಸರ್ವ್ ಬ್ಯಾಂಕ್ ಬೇರೆ ಹಾದಿ ಹಿಡಿಯಿತು. ಅದರ ಮಾನ್ಯತೆ ತೆಗೆಯದೆ, ಬೆಂಗಳೂರಿನ ನೃಪತುಂಗ ರಸ್ತೆಯ ಕಚೇರಿಯೂ ಸೇರಿ 19 ಕಚೇರಿಗಳಲ್ಲಿ, ಅಂಚೆಯ ಮೂಲಕವೂ ಸ್ವೀಕರಿಸುವ ವ್ಯವಸ್ಥೆ ಮಾಡಿತು. ಇದೇ ಸರಿಯಾದ ಕ್ರಮ. 2016ರಲ್ಲೂ ಇಷ್ಟು ಔದಾರ್ಯ ಇದ್ದಿದ್ದರೆ ಕಳೆದುಕೊಳ್ಳುವುದೇನೂ ಇರಲಿಲ್ಲ.

ಸತ್ತ ನೋಟಿಗೂ ಒಮ್ಮೊಮ್ಮೆ ಬೆಲೆ ಬರುತ್ತದೆ. ಜಿಂಬಾಬ್ವೆ 2015ರಲ್ಲಿ ತನ್ನ ಹಳೆಯ ನೋಟುಗಳನ್ನು ವಾಪಸ್ ಪಡೆದಾಗ ಒಂದು ಅಮೆರಿಕನ್ ಡಾಲರಿಗೆ 250 ಲಕ್ಷ ಕೋಟಿ ಜಿಂಬಾಬ್ವೆ ಡಾಲರ್ ತೆಗೆದುಕೊಂಡಿತು. ಆ ಲೆಕ್ಕದಲ್ಲಿ ನೂರು ಲಕ್ಷ ಕೋಟಿಯ ನೋಟಿಗೆ ಬರೀ 40 ಸೆಂಟ್. ಅದೇ ನೋಟನ್ನು ಕುತೂಹಲಕ್ಕೆ ಕೊಳ್ಳುವವರು ಡಾಲರುಗಳನ್ನು ಎಣಿಸಿ ಕೊಡುತ್ತಾರೆ. ಹಾಗೆಂದು ಎಲ್ಲ ಹಳೆಯ ನೋಟೂ ನಿಧಿಯಲ್ಲ. ಮಡಿಕೆ ಬಿದ್ದ, ಎಲ್ಲೆಡೆ ಸಿಗುವ ನೋಟಿಗೆ ಸಂಗ್ರಾಹಕರು ಚಹಾದ ದುಡ್ಡೂ ಕೊಡುವುದಿಲ್ಲ. ಈ ಆಸೆಯನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ: ನಿಮ್ಮ ಹಳೆಯ ನೋಟಿಗೆ ಲಕ್ಷ ಕೊಡಿಸುತ್ತೇವೆ, ಮೊದಲು ಕಮಿಷನ್ ಕಳಿಸಿ ಎನ್ನುವವರು. ತನ್ನ ಹೆಸರು ಹೇಳಿಕೊಂಡು ಹೀಗೆ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರಲ್ಲೇ ಎಚ್ಚರಿಸಿದೆ.

ಇನ್ನು ಮಾಡಬೇಕಾದ್ದು. ನೋಟಿನ ಮೇಲೆ ಹೊರಡಿಸಿದ ಬ್ಯಾಂಕಿನ ಹೆಸರು, ಇಸವಿ ಅಥವಾ ಸರಣಿ ನೋಡಿಕೊಂಡು, ಆ ದೇಶದ ಕೇಂದ್ರ ಬ್ಯಾಂಕಿನ ಸ್ವಂತ ಜಾಲತಾಣದಲ್ಲಿ ಹಿಂಪಡೆದ ನೋಟುಗಳ ಪುಟ ಓದಿ. ಗರಿಗರಿಯಾದ, ಅಪರೂಪದ ನೋಟಾದರೆ ಬ್ಯಾಂಕಿಗಿಂತ ಮೊದಲು ಒಬ್ಬ ನಂಬಿಕಸ್ಥ ನಾಣ್ಯ ಸಂಗ್ರಾಹಕರಿಗೆ ತೋರಿಸಿ. ಹೊರದೇಶದ ಎಷ್ಟೋ ಕೇಂದ್ರ ಬ್ಯಾಂಕುಗಳು ಅಂಚೆಯಲ್ಲಿ ಕಳಿಸಿದ ನೋಟನ್ನೂ ತೆಗೆದುಕೊಳ್ಳುತ್ತವೆ. ಆದರೆ ಭಾರತದಿಂದ ವಿದೇಶಿ ನೋಟು ಕಳಿಸಲು ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆಯ ನಿರ್ಬಂಧವಿದೆ, ರಿಸರ್ವ್ ಬ್ಯಾಂಕಿನ ಅನುಮತಿ ಇಲ್ಲದೆ ಲಕೋಟೆಯಲ್ಲಿ ಹಾಕಿ ಕಳಿಸುವಂತಿಲ್ಲ. ನೀವೇ ಹೋಗುವಾಗ ಒಯ್ಯುವುದು ಸುರಕ್ಷಿತ. ಪ್ರಯಾಣದಲ್ಲಿ ಉಳಿದ ನೋಟುಗಳಲ್ಲಿ 2,000 ಡಾಲರ್ ಮೌಲ್ಯದವರೆಗೆ ಮನೆಯಲ್ಲಿ ಇಟ್ಟುಕೊಳ್ಳಲು ಕಾನೂನು ಬಿಡುತ್ತದೆ. ಅದಕ್ಕಿಂತ ಹೆಚ್ಚಿದ್ದರೆ ಮರಳಿದ 180 ದಿನಗಳೊಳಗೆ ಬ್ಯಾಂಕಿಗೋ ಅಧಿಕೃತ ಮನಿ ಚೇಂಜರ್‌ಗೋ ಒಪ್ಪಿಸಬೇಕು. ನಾಣ್ಯಗಳಿಗೆ ಮಿತಿಯಿಲ್ಲ. ಚಲಾವಣೆಯಲ್ಲಿರುವಾಗಲೇ ಮಾರಿಬಿಡುವುದು ಎಲ್ಲಕ್ಕಿಂತ ಜಾಣತನ, ಆಮೇಲಿನ ಓಡಾಟವೆಲ್ಲ ಉಳಿಯುತ್ತದೆ.

ಆತುರಪಡಬೇಕಾದವರು ಗಡುವಿರುವ ನೋಟು ಇಟ್ಟುಕೊಂಡವರು ಮಾತ್ರ. ಫಿಲಿಪ್ಸ್ ಕಂಪನಿಯ ಕಾಲದಲ್ಲೋ ಕೆಎಲ್‌ಎಂ ವಿಮಾನದ ಕಾಲದಲ್ಲೋ ಹಾಲೆಂಡಿಗೆ ಹೋಗಿ ಗಿಲ್ಡರ್ ನೋಟು ತಂದವರು ನಿಮ್ಮ ಮನೆಯಲ್ಲಿದ್ದರೆ ಈ ವಾರವೇ ಬೀರು ತೆಗೆಯಿರಿ. 2.20371 ಗಿಲ್ಡರಿಗೆ ಒಂದು ಯೂರೋ ಕೊಡುವ ಡಚ್ ಕೇಂದ್ರ ಬ್ಯಾಂಕಿನ ಬಾಗಿಲು 2032ರ ಜನವರಿ 1ಕ್ಕೆ ಮುಚ್ಚುತ್ತದೆ, ಕೆಲವು ಹಳೆಯ ಸರಣಿಗಳಿಗೆ ಅದಕ್ಕೂ ಮೊದಲೇ.